ಸಸಿ ನೆಡೋದು ಒಂದು ದಿನ, ಕಳೆ ಕೀಳೋದು ವರ್ಷಗಟ್ಟಲೆ

ಬೋರ್ನಿಯೋ ದ್ವೀಪಕ್ಕೆ ಸ್ವಯಂಸೇವಕರಾಗಿ ಹೊರಡುವವರಿಗೆ ಒರಾಂಗುಟಾನ್ ಅನ್ನೋ ದೊಡ್ಡ ವಾನರದ್ದೇ ಧ್ಯಾನ. ಮಲೇಷ್ಯಾದ ಸಬಾ ರಾಜ್ಯದ ಕಿನಾಬಟಾಂಗನ್ ನದಿ ದಂಡೆಯಲ್ಲಿ ಮೊದಲು ಕೈಗೆ ಬರೋದು ಕತ್ತಿ. 2005ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾದರೂ ಅಲ್ಲಿನ ಕಾಡು ತಾಳೆತೋಟಗಳ ನಡುವೆ ತುಂಡು ತುಂಡಾಗಿದೆ. ಸಸಿ ನೆಟ್ಟು ಆ ತುಂಡುಗಳನ್ನು ಬೆಸೆಯೋದೇ ಕೆಲಸ.

ಗುಂಡಿ, ಸಸಿಯ ಚೀಲದ ಎರಡರಷ್ಟು ಅಗಲ. ಚೀಲವನ್ನು ಸೀಳಿ ತೆಗೆಯಿರಿ, ಎಳೆದರೆ ಮಣ್ಣಿನ ಹೆಂಟೆ ಒಡೆದು ಎಳೆಬೇರು ಹರಿಯುತ್ತೆ. ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಬಿಡಿಸಲೇಬೇಕು. ಬುಡ ನೆಲಮಟ್ಟಕ್ಕಿರಲಿ, ಆಳಕ್ಕಿಳಿದರೆ ಕೊಳೆಯುತ್ತೆ. ಪಕ್ಕದಲ್ಲೊಂದು ಎತ್ತರದ ಕೋಲು ನೆಡಿ. ಇಲ್ಲದಿದ್ದರೆ ಮುಂದಿನ ತಂಡ ಹುಲ್ಲಿನ ಜೊತೆ ಸಸಿಯನ್ನೂ ಸವರಿಬಿಡುತ್ತೆ!

ಸಸಿ ಸಾಯೋದು ಹೆಚ್ಚಾಗಿ ಆಮೇಲೆ. ಹುಲ್ಲು, ಬಳ್ಳಿ ಮುಚ್ಚಿ ಬೆಳಕು ತಪ್ಪಿಸುತ್ತವೆ. ನೆರೆಯಲ್ಲಿ ಮುಳುಗಿದರೆ ತಡೆಯದ ಜಾತಿಗಳು ಒಂದೇ ಮಳೆಗಾಲಕ್ಕೆ ಖಾಲಿ. ಆನೆ ತುಳಿದರೆ ಮತ್ತೆ ನೆಡೋದು, ಅಷ್ಟೇ. ಜಾಗ ಅವುಗಳದ್ದೇ ತಾನೇ?

ಸ್ವಯಂಸೇವೆಗೆ ಕರೆದೊಯ್ಯುವ ಸಂಸ್ಥೆಗೆ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ನೆಟ್ಟ ಮೇಲೆ ಎಷ್ಟು ವರ್ಷ ಕಳೆ ತೆಗೀತೀರಿ, ಬದುಕಿದ್ದೆಷ್ಟು ಅಂತ ಎಣಿಸ್ತೀರಾ? ನೆಟ್ಟ ಲೆಕ್ಕ ಮಾತ್ರ ಹೇಳುವವರನ್ನು ಬಿಡಿ. ಒರಾಂಗುಟಾನ್ ಮರಿ ಎತ್ತಿಕೊಳ್ಳಲು ಕೊಡುವವರನ್ನಂತೂ ಖಂಡಿತ ಬಿಡಿ. ನಮ್ಮ ನೆಗಡಿ ಅವಕ್ಕೂ ಅಂಟುತ್ತೆ.