ಆರ್‌ಎಸ್‌ಟಿ0, ಎನ್‌ಆರ್‌ಎಸ್‌ಟಿ8: ಹಳೆಯ ಯುನಿಕ್ಸ್ ಟೇಪು ಹಾಕುವ ಮೊದಲು

ಸನ್‌ಓಎಸ್ 4 (ಸನ್ ಕಂಪನಿಯ ಹಳೆಯ ಯುನಿಕ್ಸ್) ಇರುವ ವರ್ಕ್‌ಸ್ಟೇಷನ್ನಿನಲ್ಲಿ ಟೇಪ್ ಡ್ರೈವ್ ಒಂದೇ ಇದ್ದರೂ ಡೆವ್ ಡೈರೆಕ್ಟರಿಯಲ್ಲಿ ಅದಕ್ಕೆ ಹಲವು ಹೆಸರುಗಳು ಸಿಗುತ್ತವೆ: ಆರ್‌ಎಸ್‌ಟಿ0, ಎನ್‌ಆರ್‌ಎಸ್‌ಟಿ0, ಆರ್‌ಎಸ್‌ಟಿ8, ಎನ್‌ಆರ್‌ಎಸ್‌ಟಿ8. (ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.) ಯಾವ ಹೆಸರು ಕೊಟ್ಟರೂ ತಿರುಗುವುದು ಅದೇ ಮೋಟಾರು. ಹೆಸರು ಡ್ರೈವರ್‌ಗೆ (ಡ್ರೈವ್ ನಡೆಸುವ ತಂತ್ರಾಂಶಕ್ಕೆ) ಕೊಡುವ ಅಪ್ಪಣೆ ಮಾತ್ರ: ಯಾವ ಡೆನ್ಸಿಟಿಯಲ್ಲಿ (ಎಷ್ಟು ಒತ್ತೊತ್ತಾಗಿ) ಬರೆಯಬೇಕು, ಕೆಲಸ ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಬೇಕೋ ಬೇಡವೋ.

ಆ 8 ಎಲ್ಲಿಂದ ಬಂತು? ಎಲ್‌ಎಸ್ ಕಮಾಂಡಿಗೆ ಮೈನಸ್ ಎಲ್ ಕೊಟ್ಟು ಮೈನರ್ ನಂಬರ್ (ಹೆಸರಿನ ಹಿಂದೆ ಡ್ರೈವರ್ ಓದುವ ಸಂಖ್ಯೆ) ನೋಡಿ. ನಾಲ್ಕು ಹೆಸರಿಗೆ ಕ್ರಮವಾಗಿ 0, 4, 8, 12. ಕೆಳಗಿನ ಎರಡು ಬಿಟ್ ಡ್ರೈವಿನ ಸಂಖ್ಯೆ, 4ರ ಬಿಟ್ ಅಂದರೆ ರಿವೈಂಡ್ ಬೇಡ, 8ರ ಬಿಟ್ ಅಂದರೆ ಮುಂದಿನ ಡೆನ್ಸಿಟಿ. ಹೀಗಾಗಿ ಆರ್‌ಎಸ್‌ಟಿ8 ಎಂಟನೆಯ ಡ್ರೈವ್ ಅಲ್ಲ, ಮೊದಲನೆಯದೇ. ಹಳೆಯ ಸನ್-3 ಕಾಲದ ಡ್ರೈವಿನಲ್ಲಿ 0 ಅಂದರೆ ಕ್ಯೂಐಸಿ-11, 8 ಅಂದರೆ ಕ್ಯೂಐಸಿ-24 (ಎರಡೂ ಕಾಲಿಂಚು ಅಗಲದ ಕಾರ್ಟ್ರಿಜ್ ಟೇಪಿನ ಫಾರ್ಮ್ಯಾಟುಗಳು).

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವುದು ಒಂದು ಎನ್ ಅಕ್ಷರ ಬಿಟ್ಟುಹೋಗುವುದು. ಟೇಪಿನಲ್ಲಿ ಈಗಾಗಲೇ ಎರಡು ಆರ್ಕೈವ್ (ಒಟ್ಟಿಗೆ ಕಟ್ಟಿಟ್ಟ ಫೈಲುಗಳು) ಇವೆ, ಮೂರನೆಯದನ್ನು ಸೇರಿಸಬೇಕು ಎಂದುಕೊಳ್ಳಿ. ಟೇಪು ಓಡಿಸುವ ಎಂಟಿ ಕಮಾಂಡಿಗೆ ಆರ್‌ಎಸ್‌ಟಿ8 ಎಂದು ಹೇಳಿ ಎಫ್‌ಎಸ್‌ಎಫ್ 2 ಕೊಟ್ಟರೆ ಟೇಪು ಎರಡು ಫೈಲ್ ಮಾರ್ಕ್ (ಫೈಲಿನ ಕೊನೆಯ ಗುರುತು) ದಾಟಿ ಸರಿಯಾದ ಜಾಗಕ್ಕೇ ಹೋಗುತ್ತದೆ. ಆದರೆ ಎಂಟಿ ಮುಗಿದು ಡಿವೈಸ್ ಮುಚ್ಚಿಕೊಂಡ ಕೂಡಲೇ ಮೊದಲಿಗೇ ಸುತ್ತಿಕೊಂಡುಬಿಡುತ್ತದೆ. ಆಮೇಲೆ ಕೊಟ್ಟ ಟಾರ್ (ಆರ್ಕೈವ್ ಕಟ್ಟುವ, ಬಿಚ್ಚುವ ಕಮಾಂಡ್) ಮೊದಲ ಆರ್ಕೈವಿನ ಮೇಲೆ ಬರೆಯತೊಡಗುತ್ತದೆ. ಕ್ಯೂಐಸಿ ಡ್ರೈವಿನಲ್ಲಿ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಮೊದಲ ಟ್ರ್ಯಾಕ್ ಬರೆಯುವಾಗ ಅದರ ಇರೇಸ್ ಹೆಡ್ ಟೇಪಿನ ಪೂರ್ತಿ ಅಗಲವನ್ನೂ ಅಳಿಸುತ್ತಾ ಸಾಗುತ್ತದೆ, ಉಳಿದ ಟ್ರ್ಯಾಕ್‌ಗಳಲ್ಲಿದ್ದ ಡೇಟಾವೂ ಹೋಗುತ್ತದೆ. ತಕ್ಷಣ ನಿಲ್ಲಿಸಿದರೂ ಹೆಡ್ ಹಾದುಹೋದಷ್ಟು ಉದ್ದದ್ದು ಮರಳಿ ಬರುವುದಿಲ್ಲ. ಅದಕ್ಕೇ ಓದಲು ತೆಗೆದುಕೊಂಡ ಕಾರ್ಟ್ರಿಜ್‌ನ ಮೂಲೆಯ ತಿರುಪನ್ನು ಮೊದಲೇ ನಾಣ್ಯದಿಂದ ತಿರುಗಿಸಿ, ಬಾಣವನ್ನು ಸೇಫ್ ಕಡೆಗೆ ತನ್ನಿ. ಡ್ಯಾಟ್ ಎಂಬ ಚಿಕ್ಕ ಕ್ಯಾಸೆಟ್ ಟೇಪಿನಲ್ಲಾದರೆ ಜಾರುವ ಚಿಕ್ಕ ಬಾಗಿಲು ತೆರೆದಿರಬೇಕು.

ಸನ್‌ಓಎಸ್ 4ರ ನಂತರ ಬಂದ ಸೋಲಾರಿಸ್‌ನಲ್ಲಿ ಹೆಸರುಗಳು ಆರ್‌ಎಂಟಿ ಡೈರೆಕ್ಟರಿಯೊಳಗೆ ಹೋದವು. ಅಂಕಿ ಡ್ರೈವಿನದು. ನಂತರ ಡೆನ್ಸಿಟಿಯ ಅಕ್ಷರ (ಎಲ್, ಎಂ, ಎಚ್, ಯು, ಸಿ), ಅದಾದ ಮೇಲೆ ಬೇಕಿದ್ದರೆ ಬಿ ಮತ್ತು ಎನ್. ಎಕ್ಸಾಬೈಟ್ ಕಂಪನಿಯ 8500 ಡ್ರೈವಿನಲ್ಲಿ 0ಎಲ್ ಅಂದರೆ ಹಿಂದಿನ ಮಾದರಿಯಾದ 8200ರ 2.3 ಜಿಬಿ ಫಾರ್ಮ್ಯಾಟ್, 0ಎಂ ಅಂದರೆ 5 ಜಿಬಿಯದು. ಟೇಪು ಪಡೆಯುವವರ ಬಳಿ 8200 ಡ್ರೈವ್ ಮಾತ್ರ ಇದ್ದರೆ ಎಲ್ ಬಿಟ್ಟು ಬೇರೆ ದಾರಿಯಿಲ್ಲ. ಓದುವಾಗ ಫಾರ್ಮ್ಯಾಟನ್ನು ಡ್ರೈವ್ ತಾನೇ ಗುರುತಿಸುತ್ತದೆ, ಈ ಅಕ್ಷರಕ್ಕೆ ಬೆಲೆಯಿರುವುದು ಬರೆಯುವಾಗ.

ಬಿ ಅಂದರೆ ಬಿಎಸ್‌ಡಿ (ಬರ್ಕ್ಲಿಯ ಯುನಿಕ್ಸ್) ನಡವಳಿಕೆ. 0ಎನ್ ಮೂಲಕ ಟಾರ್ ಓದಿ ಮುಗಿಸಿದರೆ ಸೋಲಾರಿಸ್ ತಾನಾಗಿ ಮುಂದಿನ ಫೈಲಿನ ಆರಂಭಕ್ಕೆ ಹೋಗಿ ನಿಲ್ಲುತ್ತದೆ. 0ಬಿಎನ್ ಆದರೆ ಓದು ಎಲ್ಲಿ ನಿಂತಿತೋ ಅಲ್ಲೇ ಇರುತ್ತದೆ, ಅಂದರೆ ಬಹುಪಾಲು ಫೈಲ್ ಮಾರ್ಕಿನ ಈಚೆಗೆ. ಆಗ ಇನ್ನೊಮ್ಮೆ ಟಾರ್ ಕೊಟ್ಟರೆ ಏನೂ ಬರುವುದಿಲ್ಲ, ಟೇಪು ಖಾಲಿ ಎಂದು ಎತ್ತಿಡುವವರೇ ಹೆಚ್ಚು. ನಡುವೆ ಒಂದು ಎಫ್‌ಎಸ್‌ಎಫ್ 1 ಸಾಕು. ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್‌ನ 0ಎಂಎನ್, 0ಎಂಎನ್‌ಬಿ ಹೆಸರುಗಳಲ್ಲೂ ಇದೇ ಲೆಕ್ಕ. ಐಬಿಎಂನ ಎಐಎಕ್ಸ್‌ನಲ್ಲಿ ಅಕ್ಷರದ ಬದಲು ಚುಕ್ಕಿ ಮತ್ತು ಅಂಕಿ: ಆರ್‌ಎಂಟಿ0 ರಿವೈಂಡ್ ಮಾಡುತ್ತದೆ, ಆರ್‌ಎಂಟಿ0.1 ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಎಸ್‌ಟಿ0 ಮತ್ತು ಎನ್‌ಎಸ್‌ಟಿ0.

ಮುಂದಿನ ತೊಡಕು ಬ್ಲಾಕ್ ಅಳತೆ, ಅಂದರೆ ಟೇಪಿನ ಮೇಲೆ ಒಂದು ಸಲಕ್ಕೆ ಬರೆಯುವ ತುಣುಕು ಎಷ್ಟು ಬೈಟ್ ಎಂಬುದು. ಕ್ಯೂಐಸಿ-24, ಕ್ಯೂಐಸಿ-150 ಟೇಪುಗಳಲ್ಲಿ ಬ್ಲಾಕ್ ಯಾವಾಗಲೂ 512 ಬೈಟ್. ಡ್ಯಾಟ್ ಮತ್ತು ಎಕ್ಸಾಬೈಟ್‌ನಲ್ಲಿ ಬರೆದವರು ಇಟ್ಟದ್ದೇ ಅಳತೆ. ಲಿನಕ್ಸ್‌ನಲ್ಲಿ ಓದುವಾಗ ಮೊದಲು ಎಂಟಿಯಿಂದ ಸೆಟ್‌ಬ್ಲಾಕ್ 0 (ಟೈಪ್ ಮಾಡುವಾಗ ಎಸ್‌ಇಟಿಬಿಎಲ್‌ಕೆ; ಅಳತೆ ಗೊತ್ತುಮಾಡಬೇಡ ಎಂದು ಅರ್ಥ) ಕೊಟ್ಟು, ನಕಲು ಮಾಡುವ ಡಿಡಿ ಕಮಾಂಡಿಗೆ ಬಿಎಸ್ (ಬ್ಲಾಕ್ ಅಳತೆ) 64ಕೆ, ಕೌಂಟ್ 1 ಹೇಳಿ. 10240 ಬೈಟ್ ಬಂದರೆ ಅದು ಟಾರ್‌ನ ರೂಢಿಯ 20 ಬ್ಲಾಕ್ (ಟಾರ್ ಲೆಕ್ಕದಲ್ಲಿ ಒಂದು ಬ್ಲಾಕ್ ಅಂದರೆ 512 ಬೈಟ್). 64512 ಬಂದರೆ 126 ಬ್ಲಾಕ್, ಸನ್ ಬಳಕೆದಾರರ ಹಳೆಯ ಅಭ್ಯಾಸ. ನೀವು ಕೇಳಿದ್ದಕ್ಕಿಂತ ಟೇಪಿನ ಬ್ಲಾಕ್ ದೊಡ್ಡದಿದ್ದರೆ ಲಿನಕ್ಸ್ ಮೆಮೊರಿ ಸಾಲದು ಎನ್ನುತ್ತದೆ. ರ್‍ಯಾಮ್‌ಗೂ ಅದಕ್ಕೂ ಸಂಬಂಧವಿಲ್ಲ, ಬಿಎಸ್ ಹೆಚ್ಚಿಸಿ.

ಬ್ಲಾಕ್ ಸರಿಯಿದ್ದೂ ಟಾರ್ ಚೆಕ್‌ಸಮ್ (ತಾಳೆ ನೋಡುವ ಮೊತ್ತ) ತಪ್ಪು ಎಂದರೆ, ಅದು ಸಿಲಿಕಾನ್ ಗ್ರಾಫಿಕ್ಸ್ ಯಂತ್ರದ ಕ್ಯೂಐಸಿ ಟೇಪೇ ಎಂದು ಕೇಳಿ ನೋಡಿ. ಆ ಯಂತ್ರಗಳ ಯುನಿಕ್ಸ್ ಆದ ಐರಿಕ್ಸ್ ಅಲ್ಲಿ ಬೈಟ್‌ಗಳನ್ನು ಜೋಡಿಜೋಡಿಯಾಗಿ ಅದಲುಬದಲು ಮಾಡಿ ಬರೆಯುತ್ತಿತ್ತು, ಯುಎನ್‌ಐಎಕ್ಸ್ ಎಂಬುದು ಎನ್‌ಯುಎಕ್ಸ್‌ಐ ಆದಂತೆ. ಡಿಡಿಗೆ ಕಾನ್ವ್ ಸ್ವಾಬ್ ಕೊಟ್ಟು ಟಾರ್‌ಗೆ ಪೈಪ್ ಮಾಡಿದರೆ ಹೆಸರುಗಳು ನೆಟ್ಟಗಾಗುತ್ತವೆ. ಐರಿಕ್ಸ್ ಯಂತ್ರವೇ ಇದ್ದರೆ, ಬೇರೆಡೆಗೆ ಕಳಿಸುವ ಟೇಪನ್ನು ಅದಲುಬದಲು ಮಾಡದ ಟೇಪ್‌ಎನ್‌ಎಸ್ ಹೆಸರಿನಲ್ಲಿ ಬರೆಯಬೇಕು.

ಕಾರ್ಟ್ರಿಜ್ ಮೇಲಿನ ಸಂಖ್ಯೆಯನ್ನೂ ಓದಿ. ಡಿಸಿ600ಎ ಅಂದರೆ 9 ಟ್ರ್ಯಾಕಿನ ಕ್ಯೂಐಸಿ-24ರಲ್ಲಿ 60 ಎಂಬಿ, ಡಿಸಿ6150 ಅಂದರೆ 18 ಟ್ರ್ಯಾಕಿನಲ್ಲಿ 150 ಎಂಬಿ. ಕ್ಯೂಐಸಿ-150 ಡ್ರೈವ್ ಹಳೆಯ 24ನ್ನು ಓದುತ್ತದೆ, ಬರೆಯುವುದಿಲ್ಲ.

ಇಷ್ಟೆಲ್ಲಾ ಸರಿಯಿದ್ದರೂ ರಬ್ಬರ್ ಕೈಕೊಡುತ್ತದೆ. ಕಾರ್ಟ್ರಿಜ್ ಹಾಕುವ ಮೊದಲು ಡ್ರೈವಿನ ಬಾಯೊಳಗೆ ಟಾರ್ಚ್ ಬಿಟ್ಟು ರೋಲರ್ ನೋಡಿ. ಹಳೆಯ ರಬ್ಬರ್ ಕರಗಿ ಬೆಲ್ಲದ ಪಾಕದಂತೆ ಅಂಟಾಗಿರುತ್ತದೆ, ಬೆರಳು ತಾಗಿಸಿದರೆ ಕಪ್ಪು ಹತ್ತುತ್ತದೆ. ಅದನ್ನು ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅದೇ ಹೊರವ್ಯಾಸ ಬರುವ ಹೊಸ ಕೊಳವೆ ಹಾಕದೆ ಟೇಪು ಒಳಗೆ ಬಿಡಬೇಡಿ. ಕಾರ್ಟ್ರಿಜ್ ಒಳಗೂ ಎರಡು ಸುರುಳಿಗಳನ್ನು ತಿರುಗಿಸುವ ತೆಳ್ಳನೆಯ ಪಟ್ಟಿಯೊಂದಿದೆ. ವರ್ಷಗಟ್ಟಲೆ ಸುಮ್ಮನಿದ್ದ ಪಟ್ಟಿ ಟೇಪಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಮೊದಲ ಸುತ್ತಿನಲ್ಲೇ ಹರಿಯುತ್ತದೆ. ಆದ್ದರಿಂದ ಹಾಕಿದ ಕೂಡಲೇ ರಿಟೆನ್ಷನ್ ಕೊಡಬೇಡಿ, ಅದು ಟೇಪನ್ನು ತುದಿಯಿಂದ ತುದಿಗೆ ವೇಗವಾಗಿ ಓಡಿಸುತ್ತದೆ. ಮೊದಲು ಕೈಯಲ್ಲೇ ಚಕ್ರ ತಿರುಗಿಸಿ. ಸಲೀಸಾಗಿ ಸರಿದರೆ ಮಾತ್ರ ಒಂದು ರಿಟೆನ್ಷನ್, ಆಮೇಲೆ ಓದು.

ಒಂದೊಂದು ಫೈಲಾಗಿ ಎನ್ ಇರುವ ಹೆಸರಿನಿಂದಲೇ ಡಿಡಿ ಮಾಡಿ, ಸೊನ್ನೆ ಬೈಟ್ ಬರುವವರೆಗೂ. ಹೊಸದಾಗಿ ಬರೆದ ಟೇಪಾದರೆ ಲೇಬಲ್ ಮೇಲೆ ತಾರೀಖಿನ ಜೊತೆ ಬಳಸಿದ ಡಿವೈಸ್ ಹೆಸರು, ಬ್ಲಾಕ್ ಅಳತೆ, ಎಷ್ಟು ಫೈಲ್ ಮಾರ್ಕ್ ಎಂಬುದನ್ನೂ ಬರೆದಿಡಿ: 0ಎಲ್‌ಬಿಎನ್, ಬ್ಲಾಕ್ 126, ಫೈಲು 3.