ಮಾರುವ ಮುಂಚೆ ಹಳೇ ಕಾರಿನ ವೀಲ್ ಬದಲಿಸಬೇಕಾ? ಕೇಳುವ ಎಲ್ಲರಿಗೂ ಒಂದೇ ಉತ್ತರ

ಪ್ರಶ್ನೆ ಯಾವಾಗಲೂ ಹೀಗೇ ಶುರುವಾಗುತ್ತದೆ: "ಕ್ಲಾಸಿಕ್ ಕಾರು ಮಾರ್ತಾ ಇದ್ದೀನಿ. ವೀಲ್‌ಗಳು ಸವೆದು ತುಕ್ಕು ಹಿಡಿದಿವೆ. ರಿಪೇರಿ ಮಾಡಿಸಲಾ, ಹೊಸದು ಹಾಕಿಸಲಾ?" ಇಷ್ಟಕ್ಕೇ ನಿಲ್ಲಿಸಿದರೆ ಕೂತು ಸಮಾಧಾನವಾಗಿ ಹೇಳಬಹುದು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬಂದೇ ಬರುತ್ತದೆ: "ಹೇಗಿದ್ರೂ ಮಾರೋದೇ ತಾನೆ, ನೋಡೋಕೆ ಚೆನ್ನಾಗಿದ್ರೆ ಸಾಕು." ನನಗೆ ರೇಗುವುದು ಈ ಮಾತಿಗೇ. ಕಾರು ನಿಮ್ಮ ಕೈಬಿಟ್ಟರೂ ರಸ್ತೆ ಬಿಡುವುದಿಲ್ಲ. ನಾಳೆ ಅದೇ ವೀಲ್‌ಗಳ ಮೇಲೆ ಇನ್ಯಾರೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುತ್ತಾರೆ.

ಅವಸರದಲ್ಲಿರುವವರಿಗೆ ಉತ್ತರ ಇಷ್ಟು. ವೀಲ್ ಬಿರುಕು ಬಿಟ್ಟಿದ್ದರೆ, ನಟ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಸ್ಪೋಕ್ ವೀಲಿನ (ತೆಳು ಲೋಹದ ಕಡ್ಡಿಗಳ ವೀಲ್) ನಡುವೆ, ಹಬ್ಬಿಗೆ ಅಂದರೆ ವೀಲ್ ಕೂರುವ ಅಚ್ಚಿನ ತುದಿಗೆ ಕಚ್ಚಿಕೊಳ್ಳುವ ಹಲ್ಲು ಸವೆದಿದ್ದರೆ ಬದಲಿಸಿ. ಬರೀ ಬಣ್ಣ ಹೋಗಿದ್ದರೆ, ಮೇಲ್ಮೇಲೆ ತುಕ್ಕಿದ್ದರೆ ತೊಳೆದು ಹಾಗೇ ಬಿಡಿ. ಮನಸ್ಸು ತಡೆಯದಿದ್ದರೆ ಸರಿಯಾದ ಬಣ್ಣ ಹೊಡೆಸಿ. ಏನೇ ಮಾಡಿದರೂ ಕಾರ್ಖಾನೆಯಿಂದ ಬಂದ ಐದು ವೀಲ್‌ಗಳನ್ನು, ಅಂದರೆ ಸ್ಟೆಪ್ನಿಯೂ ಸೇರಿ, ಗುಜರಿಗೆ ಕೊಡಬೇಡಿ. ಹೊಸ ಸೆಟ್ ಹಾಕಿದ್ದರೂ ಹಳೆಯವನ್ನು ಕಾರಿನ ಜೊತೆಗೇ ಕೊಡಿ.

ಹಳೆಯದಕ್ಕೆ ಅಷ್ಟೊಂದು ಬೆಲೆ ಯಾಕೆ ಎನ್ನುವವರು ಒಂದು ವೀಲ್ ಬಿಚ್ಚಿ ಹಿಂಬದಿ ತಿರುಗಿಸಿ ನೋಡಲಿ. ಪೋರ್ಷೆ 911 ಎಸ್ ಜೊತೆ 1966ರಲ್ಲಿ ಬಂದ ಫುಕ್ಸ್ ವೀಲನ್ನೇ ತೆಗೆದುಕೊಳ್ಳಿ. ಎರಕ ಹೊಯ್ದಿದ್ದಲ್ಲ, ಫೋರ್ಜ್ ಮಾಡಿದ, ಅಂದರೆ ಒತ್ತಿ ಬಡಿದು ರೂಪ ಕೊಟ್ಟ ಅಲ್ಯೂಮಿನಿಯಂ. ಹಿಂಬದಿಯಲ್ಲಿ ಪಾರ್ಟ್ ನಂಬರು, ರಿಮ್ಮಿನ ಅಗಲ, ತಯಾರಾದ ದಿನಾಂಕದ ಗುರುತು ಇರುತ್ತವೆ. ಉಕ್ಕಿನ ಡಿಸ್ಕ್ ವೀಲ್‌ಗಳಲ್ಲೂ ಎಷ್ಟೋ ಕಂಪನಿಗಳು ಅಳತೆ, ತಯಾರಕರ ಗುರುತು, ದಿನಾಂಕ ಒತ್ತಿರುತ್ತವೆ. ಇಂಥ ಕಾರು ಕೊಳ್ಳಲು ಬರುವವರು ಆ ದಿನಾಂಕವನ್ನು ಕಾರಿನ ವರ್ಷದ ಜೊತೆ ತಾಳೆ ನೋಡುತ್ತಾರೆ. ಐದೂ ತಾಳೆಯಾದರೆ ಅದೇ ಒಳ್ಳೆಯ ಪುರಾವೆ.

ಈಗ ಇದೇ ಫುಕ್ಸ್ ವೀಲಿಗೆ "ಫ್ರೆಶ್ ಲುಕ್" ಕೊಡುವವರು ಏನು ಮಾಡುತ್ತಾರೆ? ಬಫಿಂಗ್ ಮಶೀನಿಗೆ ಕೊಟ್ಟು ಕನ್ನಡಿ ಮಾಡಿಸುತ್ತಾರೆ. ಅದರ ಮೇಲಿದ್ದದ್ದು ಆನೊಡೈಸಿಂಗ್, ಲೋಹದ ಮೇಲ್ಪದರವೇ ಗಟ್ಟಿಯಾಗಿ ಮಾರ್ಪಟ್ಟ ತೆಳು ಪೊರೆ. ಬಫ್ ಮಾಡಿದರೆ ಅದು ಹೋಯಿತು. ಸ್ವಲ್ಪ ದಿನ ಫಳಫಳ ಅನ್ನುತ್ತದೆ, ಆಮೇಲೆ ಬಿಳಿ ಪುಡಿ ಏಳಲು ಶುರು. ಆಸಿಡ್ ಇರುವ ವೀಲ್ ಕ್ಲೀನರ್ ಹಾಕಿದರೂ ಇದೇ ಕಥೆ. ಸೋಪಿನ ನೀರು, ಮೆತ್ತನೆ ಬ್ರಷ್ಷು, ಒಣಗಿದ ಮೇಲೆ ಒಂದು ಪದರ ವ್ಯಾಕ್ಸ್. ಇದಕ್ಕಿಂತ ಹೆಚ್ಚು ಏನೂ ಬೇಡ.

ಇನ್ನು ಪರೀಕ್ಷೆ. ಬಣ್ಣದ ಮಾತು ಇದಾದ ಮೇಲೆ.

ಟೈರು ಕಳಚಿ, ಗ್ರೀಸು ಕೊಳೆ ಎಲ್ಲ ತೆಗೆಯಿರಿ. ಉಕ್ಕಿನ ವೀಲಿನಲ್ಲಿ ಬಿರುಕು ಹುಟ್ಟುವ ಜಾಗ ಮೂರು: ನಟ್ಟಿನ ತೂತುಗಳ ಸುತ್ತ, ಡಿಸ್ಕಿನಲ್ಲಿರುವ (ವೀಲಿನ ನಡುವಿನ ತಟ್ಟೆ) ಗಾಳಿ ತೂತುಗಳ ಅಂಚು, ಡಿಸ್ಕು ರಿಮ್ಮಿಗೆ ವೆಲ್ಡ್ ಅಥವಾ ರಿವೆಟ್ ಆಗಿರುವ ಕಡೆ. ನಟ್ಟಿನ ತೂತಿನಿಂದ ತುಕ್ಕಿನ ಕೆಂಪು ಗೆರೆ ಹೊರಕ್ಕೆ ಹರಿದಿದ್ದರೆ, ಆ ವೀಲ್ ಸಡಿಲ ನಟ್ಟಿನಲ್ಲಿ ಓಡಿದೆ ಎಂದು ಅನುಮಾನಿಸಲೇಬೇಕು. ತೂತಿನ ಕೋನಾಕಾರದ ಸೀಟಿಗೆ, ಅಂದರೆ ನಟ್ಟು ಒತ್ತಿ ಕೂರುವ ಜಾಗಕ್ಕೆ, ಬೆರಳು ಆಡಿಸಿ. ಸಮವಾಗಿ ಇಳಿಜಾರಾಗಿದ್ದರೆ ಸರಿ, ಮೆಟ್ಟಿಲಿನ ಹಾಗೆ ಅಂಚು ಸಿಕ್ಕರೆ ಸೀಟು ಸವೆದಿದೆ. ಅಂಥದ್ದನ್ನು ವೆಲ್ಡ್ ತುಂಬಿ ಮತ್ತೆ ಕೊರೆದುಕೊಡುತ್ತೇವೆ ಎನ್ನುವವರಿದ್ದಾರೆ. ಬೇಡ. ಆ ವೀಲಿನ ಆಯಸ್ಸು ಮುಗಿದಿದೆ.

ಕಣ್ಣಿಗೆ ಕಾಣದ ಬಿರುಕಿಗೆ ಡೈ ಪೆನಿಟ್ರೆಂಟ್ ಕಿಟ್ ತನ್ನಿ, ಮೂರು ಸ್ಪ್ರೇ ಡಬ್ಬಿ ಇರುತ್ತದೆ. ಮೊದಲು ಬಣ್ಣ ಪೂರ್ತಿ ಹೋಗಿರಬೇಕು, ಬಣ್ಣದ ಮೇಲೆ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕ್ಲೀನರಿನಿಂದ ಒರೆಸಿ, ಕೆಂಪು ಡೈ ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಒರೆಸಿ. ವೀಲಿನ ಮೇಲೇ ನೇರ ಹೊಡೆದರೆ ಬಿರುಕಿನೊಳಗೆ ಇಳಿದಿದ್ದ ಡೈ ಕೂಡ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್ ತೆಳ್ಳಗೆ ಹೊಡೆದು ಹತ್ತು ನಿಮಿಷ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅಲಾಯ್ ಆಗಿದ್ದು, ಗೆರೆ ಕಡ್ಡಿಯಲ್ಲೋ ನಡುಭಾಗದಲ್ಲೋ ಕಂಡರೆ ವೆಲ್ಡಿಂಗ್ ಯೋಚನೆಯನ್ನೇ ಬಿಡಿ. ಹಳೆಯ ಮೆಗ್ನೀಶಿಯಂ ವೀಲ್ ಇದ್ದರೆ ಇನ್ನೂ ಹುಷಾರು, ಅದು ಬಣ್ಣದಡಿಯಲ್ಲೇ ಕೊರೆದುಕೊಂಡು ಹೋಗಿರುತ್ತದೆ. ಅದನ್ನು ಗ್ರೈಂಡರ್‌ನಲ್ಲಿ ಉಜ್ಜಿದರೆ ಬೀಳುವ ಪುಡಿಗೆ ಬೆಂಕಿ ಹತ್ತುತ್ತದೆ, ನೀರು ಹಾಕಿದರೆ ಆ ಬೆಂಕಿ ಇನ್ನೂ ಜೋರಾಗುತ್ತದೆ.

ಬೆಂಡ್ ನೋಡಲು ಡಯಲ್ ಗೇಜ್ ಬೇಕು, ಕಣ್ಣಂದಾಜು ಸಾಲದು. ಮೊದಲು ವೀಲ್ ಬೇರಿಂಗಿನಲ್ಲಿ ಆಟವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬೇರಿಂಗಿನ ತಪ್ಪು ವೀಲಿನ ತಲೆಗೆ ಬರುತ್ತದೆ. ಟೈರಿನ ಬೀಡ್ (ರಿಮ್ಮಿಗೆ ಕಚ್ಚುವ ಒಳ ಅಂಚು) ಕೂರುವ ಜಾಗಕ್ಕೆ ಗೇಜಿನ ಮುಳ್ಳು ಇಟ್ಟು ನಿಧಾನ ತಿರುಗಿಸಿ. ಅಡ್ಡಕ್ಕೂ ಎತ್ತರಕ್ಕೂ ಒಂದು ಮಿಲಿಮೀಟರ್ ಒಳಗಿದ್ದರೆ ಚಿಂತೆಯಿಲ್ಲ. ಒಂದೂವರೆ ದಾಟಿದರೆ ಸ್ಟಿಯರಿಂಗ್ ನಡುಗುವ ಸಾಧ್ಯತೆ ಹೆಚ್ಚು, ಯಾವ ಬ್ಯಾಲೆನ್ಸಿಂಗೂ ಅದನ್ನು ಪೂರ್ತಿ ಮುಚ್ಚಲಾರದು. ಉಕ್ಕಿನ ರಿಮ್ಮಿನ ಅಂಚು ಬಾಗಿದ್ದರೆ ತಣ್ಣಗಿರುವಾಗಲೇ ಒತ್ತಿ ಸರಿ ಮಾಡಬಹುದು. ಡಿಸ್ಕೇ ಬಾಗಿದ್ದರೆ ಆಗುವುದಿಲ್ಲ.

ಈಗ ಪೌಡರ್ ಕೋಟಿಂಗ್. ಮಾರಾಟಕ್ಕೆ ಮುಂಚೆ ಎಲ್ಲರೂ ಓಡುವುದು ಅಲ್ಲಿಗೇ, ಹೆಚ್ಚು ಹಾಳಾಗುವುದೂ ಅಲ್ಲೇ. ಲೇಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ ಬರುತ್ತದೆ. ನಟ್ಟಿನ ಸೀಟಿನ ಮೇಲೆ, ವೀಲ್ ಹಬ್ಬಿಗೆ ಕೂರುವ ಮುಖದ ಮೇಲೆ ಅದು ಬಿದ್ದರೆ, ಟಾರ್ಕ್ ರೆಂಚಿನಲ್ಲಿ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಲೆಕ್ಕವಾಗಿ ಬಿಗಿದಿದ್ದರೂ ಓಡುತ್ತಾ ಓಡುತ್ತಾ ಲೇಪ ಹಿಂಡಿಹೋಗಿ ಬಿಗಿತ ಇಳಿಯುತ್ತದೆ. ನಟ್ಟು ತಾನಾಗಿ ಸಡಿಲವಾಯಿತು ಎಂದು ಜನ ಆಶ್ಚರ್ಯಪಡುತ್ತಾರೆ. ತಾನಾಗಿ ಏನೂ ಆಗಿಲ್ಲ, ಲೋಹಕ್ಕೆ ಲೋಹ ಕೂರಬೇಕಾದ ಕಡೆ ಪ್ಲಾಸ್ಟಿಕ್ ತುಂಬಿದ್ದರಿಂದ ಆಗಿದ್ದು. ಆ ಎರಡೂ ಜಾಗಗಳನ್ನು ಮರೆಮಾಡಿಯೇ ಹೊಡೆಯಬೇಕು ಎಂದು ಮೊದಲೇ ಹೇಳಿ, ಬಂದ ಮೇಲೆ ನೀವೇ ನೋಡಿ.

ಅಲಾಯ್‌ಗೆ ಇನ್ನೊಂದು ಅಪಾಯವಿದೆ. ಪೌಡರನ್ನು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಹೀಟ್ ಟ್ರೀಟ್ ಮಾಡಿದ ಅಲ್ಯೂಮಿನಿಯಂ ಗಟ್ಟಿತನ ಪಡೆದದ್ದೇ ಸುಮಾರು ಅಷ್ಟೇ ಬಿಸಿಯಲ್ಲಿ. ಒಮ್ಮೆ ಹತ್ತು ಹದಿನೈದು ನಿಮಿಷ ಇಟ್ಟರೆ ದೊಡ್ಡ ನಷ್ಟವಿಲ್ಲ. ಹಳೇ ಲೇಪ ಸುಟ್ಟು ತೆಗೆಯಲು ಒಲೆಗೆ ಹಾಕಿ, ಬಣ್ಣ ಸರಿಬರಲಿಲ್ಲವೆಂದು ಮತ್ತೆ ಮತ್ತೆ ಬೇಯಿಸಿದರೆ ಲೋಹ ಮೆತ್ತಗಾಗುತ್ತದೆ. ಅದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಅಲಾಯ್‌ನ ಬಣ್ಣವನ್ನು ಕೆಮಿಕಲ್‌ನಲ್ಲಿ ಅಥವಾ ಸಣ್ಣ ಗಾಜಿನ ಮಣಿಯ ಬ್ಲಾಸ್ಟಿಂಗ್‌ನಲ್ಲಿ ತೆಗೆಸಿ. ಒರಟು ಮರಳು ಉಕ್ಕಿಗೆ ಮಾತ್ರ.

ಉಕ್ಕಿನ ವೀಲಿಗೆ ನನ್ನ ಆಯ್ಕೆ ಸಾಮಾನ್ಯ ಸ್ಪ್ರೇ ಪೇಂಟು. ಬ್ಲಾಸ್ಟ್ ಮಾಡಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು, ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ತುಕ್ಕಿನ ಬಣ್ಣ ಬಂದಿರುತ್ತದೆ. ಮೇಲೆ ಎರಡು ತೆಳು ಕೋಟು, ಆ ಕಾರಿಗೆ ಕಾರ್ಖಾನೆ ಕೊಟ್ಟಿದ್ದ ಬಣ್ಣ, ಅಷ್ಟೇ ಹೊಳಪು. ಟೈರು ಹಾಕಲು ಒಂದು ವಾರ ಬಿಡಿ. ಹಸಿ ಬಣ್ಣದ ಮೇಲೆ ಹಾಕಿದ ಟೈರು ಮುಂದೆ ತೆಗೆಯುವಾಗ ಬಣ್ಣವನ್ನೂ ಕಿತ್ತುಕೊಂಡೇ ಬರುತ್ತದೆ.

ಸ್ಪೋಕ್ ವೀಲ್ ಬೇರೆಯೇ ಲೋಕ. ಎಂಜಿಬಿಗೆ 60 ಕಡ್ಡಿ, ಜಾಗ್ವಾರ್ ಇ-ಟೈಪ್‌ಗೆ 72. ಸಣ್ಣ ಸ್ಪ್ಯಾನರ್ ಹಿಡಿದು ಒಂದೊಂದೇ ಕಡ್ಡಿಗೆ ತಟ್ಟಿ. ಬಿಗಿಯಿದ್ದದ್ದು ಟಿಣ್ ಅನ್ನುತ್ತದೆ, ಸಡಿಲವಿದ್ದದ್ದು ಟಪ್ ಅನ್ನುತ್ತದೆ. ಬಿಗಿಸುವುದಿದ್ದರೆ ಟೈರು, ಟ್ಯೂಬು ತೆಗೆದೇ ಬಿಗಿಸಿ. ನಿಪ್ಪಲಿನಿಂದ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು) ಆಚೆ ಬಂದ ಕಡ್ಡಿಯ ತುದಿ ಅರದಿಂದ ಉಜ್ಜದಿದ್ದರೆ ಟ್ಯೂಬಿಗೆ ಚುಚ್ಚುತ್ತದೆ. ಇವಕ್ಕೆ ಪೌಡರ್ ಕೋಟಿಂಗ್ ಮಾಡಿಸಲೇಬಾರದು. ಲೇಪ ನಿಪ್ಪಲನ್ನೂ ಕಡ್ಡಿಯನ್ನೂ ಅಂಟಿಸಿಬಿಡುತ್ತದೆ, ಮುಂದೆ ಬಿಗಿಸಲು ಆಗುವುದಿಲ್ಲ. ಹಳೇ ಕಡ್ಡಿಗೆ ಕ್ರೋಮ್ ಮಾಡಿಸುವುದೂ ಬೇಡ. ಆಸಿಡ್ಡಿನಿಂದಲೂ ಪ್ಲೇಟಿಂಗಿನಿಂದಲೂ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ ಸುಮಾರು 190 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸದಿದ್ದರೆ ಕಡ್ಡಿ ಓಡುವಾಗ ಪಟಪಟ ಮುರಿಯಬಹುದು.

ಹಬ್ಬಿನ ಹಲ್ಲುಗಳನ್ನಂತೂ ನೋಡಲೇಬೇಕು. ವೀಲನ್ನು ನೆಲದಿಂದ ಎತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ವೀಲನ್ನು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಲಿ. ಟಕ್ ಟಕ್ ಸದ್ದು ಬಂದರೆ ಹಲ್ಲು ಸವೆದಿದೆ. ಒಳ್ಳೆಯ ಹಲ್ಲಿನ ತುದಿ ಚಪ್ಪಟೆಯಾಗಿರುತ್ತದೆ, ಸವೆದದ್ದು ಚಾಕುವಿನಂತೆ ಚೂಪಾಗಿರುತ್ತದೆ. ಆಗ ವೀಲ್ ಒಂದನ್ನೇ ಬದಲಿಸಿ ಉಪಯೋಗವಿಲ್ಲ, ಸವೆದ ಹಬ್ಬು ಹೊಸ ವೀಲನ್ನೂ ಬೇಗ ತಿಂದುಹಾಕುತ್ತದೆ. ಎರಡನ್ನೂ ಜೋಡಿಯಾಗಿ ಬದಲಿಸಬೇಕು.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರಾದರೂ "ಕೊಳ್ಳುವವರಿಗೆ ನಾನೇನು ತೋರಿಸಲಿ?" ಎಂದು ಕೇಳಬಾರದೇ? ನನಗೆ ಬೇಕಾದ ಪ್ರಶ್ನೆ ಅದು. ತಿಳಿದವರು ಬಂದರೆ ಹೊಳಪು ನೋಡುವುದಿಲ್ಲ. ಹಬ್ ಕ್ಯಾಪ್ ತೆಗೆಸುತ್ತಾರೆ, ವೀಲಿನ ಹಿಂಬದಿಗೆ ಟಾರ್ಚು ಬಿಡುತ್ತಾರೆ. ಮುಂದೆ ಹೊಸ ಬಣ್ಣ, ಹಿಂದೆ ಗುಳಿಬಿದ್ದ ತುಕ್ಕು, ಲೇಪದಲ್ಲಿ ಮುಚ್ಚಿಹೋದ ದಿನಾಂಕದ ಗುರುತು ಕಂಡರೆ ಇಡೀ ಕಾರಿನ ಮೇಲೇ ಅನುಮಾನ ಬರುತ್ತದೆ. ಅದಕ್ಕೇ ಹೇಳುವುದು: ಐದೂ ವೀಲಿನ ಹಿಂಬದಿ, ಒತ್ತಿದ ಗುರುತು, ನಟ್ಟಿನ ಸೀಟು, ಡಯಲ್ ಗೇಜಿನ ಅಳತೆ, ಡೈ ಪರೀಕ್ಷೆ, ಎಲ್ಲದರ ಫೋಟೋ ಇಟ್ಟುಕೊಳ್ಳಿ. ಟೈರಿನ ದಿನಾಂಕವನ್ನೂ ತೋರಿಸಿ. 2000ದಿಂದ ಈಚಿನವಕ್ಕೆ ನಾಲ್ಕು ಅಂಕಿ, 2318 ಎಂದರೆ 2018ರ 23ನೇ ವಾರ. ಮೂರೇ ಅಂಕಿ ಇದ್ದರೆ ಆ ಟೈರು ಹೋದ ಶತಮಾನದ್ದು, ಟ್ರೆಡ್ಡಿನ ಗೆರೆ ಎಷ್ಟೇ ಆಳವಿರಲಿ ಅದರ ಮೇಲೆ ಯಾರನ್ನೂ ಟೆಸ್ಟ್ ಡ್ರೈವ್‌ಗೆ ಕಳಿಸಬೇಡಿ. ಹಳೇ ರಿಮ್ಮಿನಲ್ಲಿ ಬೀಡನ್ನು ತಡೆಯುವ ಉಬ್ಬು ಇಲ್ಲದಿದ್ದರೆ, ರಿವೆಟ್ ಅಥವಾ ಸ್ಪೋಕ್ ಇದ್ದರೆ, ಒಳಗೆ ಟ್ಯೂಬು ಇರಲೇಬೇಕು. ಇದೆ ಎಂದು ಬಾಯಿಬಿಟ್ಟು ಹೇಳಿ.

ಬದಲಿಸಲೇಬೇಕಾದರೆ ಅಳತೆ ತಪ್ಪಬೇಡಿ. ಬೇಕಾದದ್ದು ನಟ್ಟಿನ ತೂತುಗಳ ನಡುಬಿಂದುಗಳ ಮೇಲೆ ಹಾಯುವ ವೃತ್ತದ ವ್ಯಾಸ, ಮಿಲಿಮೀಟರಿನಲ್ಲಿ. ನಾಲ್ಕು ನಟ್ಟಿನದಾದರೆ ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ. ಐದರದಾದರೆ ಪಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರವನ್ನು 1.701ರಿಂದ ಗುಣಿಸಿ: 67.2 ಮಿಲಿಮೀಟರ್ ಬಂದರೆ 114.3, 120.5 ಬಂದರೆ ಹಳೇ ಬೀಟಲಿನ 205. ಹಳೇ ಮಿನಿಯದು 101.6. ಅದಕ್ಕೆ 100ರ ವೀಲ್ ಕೂತಂತೆ ಕಾಣುತ್ತದೆ, ನಟ್ಟೂ ಬಿಗಿಯುತ್ತದೆ. ಆದರೆ ಸ್ಟಡ್ಡುಗಳು (ನಟ್ಟು ಕೂರುವ ಬೋಲ್ಟುಗಳು) ಒಳಕ್ಕೆ ಬಾಗಿಕೊಂಡೇ ಓಡಿ ಒಂದು ದಿನ ತುಂಡಾಗುತ್ತವೆ. ನಟ್ಟಿನ ಸೀಟು ಕೋನವೋ, ಗುಂಡೋ, ಚಪ್ಪಟೆಯೋ ನೋಡಿ, ಹೊಸ ವೀಲಿಗೆ ಹೊಂದುವ ನಟ್ಟನ್ನೇ ತನ್ನಿ. ಸ್ಟಿಯರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ಟೈರು ಎಲ್ಲೂ ಉಜ್ಜುತ್ತಿಲ್ಲ ಎಂದು ನೋಡಿ. ಬಣ್ಣ ಹೊಡೆಸಿದ್ದಾಗಲಿ ಹೊಸದಾಗಲಿ, 80ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಬೇಕು. ಅಷ್ಟರೊಳಗೆ ಕಾರು ಮಾರಿಹೋದರೆ ಕೊಂಡವರ ಕೈಯಲ್ಲಿ ಟಾರ್ಕಿನ ಅಂಕಿ ಬರೆದ ಚೀಟಿ ಇರಲಿ.

ಸ್ಪೋಕ್ ವೀಲಿನ ಕಾರಾದರೆ ಹಲ್ಲಿಗೆ ಗ್ರೀಸ್ ಹಚ್ಚಿ ಕೊಡಿ. ವೀಲನ್ನು ಹಿಡಿದಿಡುವ ನಡುವಿನ ದೊಡ್ಡ ಕಿವಿಯ ನಟ್ಟು, ಅಂದರೆ ಸ್ಪಿನ್ನರನ್ನು ಬಿಚ್ಚುವ ದಿಕ್ಕು ಎರಡು ಕಡೆ ಬೇರೆ ಬೇರೆ: ಎಂಜಿ, ಜಾಗ್ವಾರ್‌ಗಳಲ್ಲಿ ಎಡಗಡೆಯದು ಗಡಿಯಾರದ ವಿರುದ್ಧ, ಬಲಗಡೆಯದು ಗಡಿಯಾರದ ದಿಕ್ಕಿಗೆ. ಇದನ್ನು ಒಮ್ಮೆ ಬಿಚ್ಚಿ ಹಾಕಿ ತೋರಿಸಿ, ಡಿಕ್ಕಿಯಲ್ಲಿರುವ ತಾಮ್ರದ ಸುತ್ತಿಗೆಯನ್ನೂ ಕಾರಿನ ಜೊತೆಗೇ ಕೊಡಿ. ಅದಿಲ್ಲದಿದ್ದರೆ ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದು ಸ್ಪಿನ್ನರಿನ ಕಿವಿ ಮುರಿಯುತ್ತಾರೆ.