ಯಾವ ಕ್ಯಾಮೆರಾ ಕೊಳ್ಳಲಿ, ಇರುವುದನ್ನು ಯಾವಾಗ ಬದಲಿಸಲಿ?

ಚಿತ್ರದುರ್ಗದಲ್ಲಿ ನೆಲೆಸಿ, ಬಿಡುವು ಸಿಕ್ಕಾಗಲೆಲ್ಲ ಕೋಟೆ, ಕೆರೆ, ಜಾತ್ರೆ ಎಂದು ಕ್ಯಾಮೆರಾ ಹಿಡಿದು ತಿರುಗುವವನಾದ್ದರಿಂದ ಈ ಪ್ರಶ್ನೆ ನನಗೆ ಎರಡು ರೂಪಗಳಲ್ಲಿ ಎದುರಾಗುತ್ತಲೇ ಇರುತ್ತದೆ. ಹೊಸಬರು "ಯಾವ ಕ್ಯಾಮೆರಾ ತಗೊಳ್ಳಲಿ?" ಎಂದು ಕೇಳುತ್ತಾರೆ. ಮೂರು ನಾಲ್ಕು ವರ್ಷ ಪಳಗಿದವರು "ಇನ್ನು ಫುಲ್ ಫ್ರೇಮ್‌ಗೆ ಹೋಗಬಹುದೇ?" ಎಂದು ಕೇಳುತ್ತಾರೆ. ಫುಲ್ ಫ್ರೇಮ್ ಎಂದರೆ ಬೆಳಕನ್ನು ಹಿಡಿಯುವ ಸೆನ್ಸರ್ ದೊಡ್ಡದಾಗಿರುವ ಕ್ಯಾಮೆರಾ. ಹೊಸಬರಿಗೆ ಉತ್ತರ ಚಿಕ್ಕದು. ಲೆನ್ಸ್ ಬದಲಿಸಲು ಬರುವ, ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್) ಕೊಡುವ, ಕಳೆದ ಹತ್ತು ವರ್ಷಗಳಲ್ಲಿ ತಯಾರಾದ ಯಾವುದೇ ಎಪಿಎಸ್-ಸಿ ಕ್ಯಾಮೆರಾ, ಎಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನದು, ಸಾಕು. ಅಂಗಡಿಯಲ್ಲಿ ಕೈಗೆತ್ತಿಕೊಂಡು, ಗುಂಡಿಗಳು ಬೆರಳಿಗೆ ತಾವಾಗಿ ಸಿಗುವಂಥದ್ದನ್ನು ಆರಿಸಿಕೊಳ್ಳಿ. ಗೆಳೆಯರಲ್ಲೋ ನೆಂಟರಲ್ಲೋ ಯಾರ ಬಳಿ ಯಾವ ಕಂಪನಿಯ ಲೆನ್ಸ್‌ಗಳಿವೆಯೋ ಅದೇ ಕಂಪನಿಯದನ್ನು ಕೊಂಡರೆ ಎರವಲಿಗೂ ದಾರಿಯಿರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ತೃಪ್ತಿ ಕೊಡದ ಫೋಟೋ ಯಾವುದು, ಅದು ಕೆಟ್ಟದ್ದು ಯಾವ ಕಾರಣಕ್ಕೆ? ಬೆಳಕು ಸಾಲದೆ ಕೈ ಅಲುಗಿತೇ, ಫೋಕಸ್ ತಪ್ಪಿತೇ, ಹಕ್ಕಿ ದೂರವಿತ್ತೇ, ಗೋಡೆ ಚೌಕಟ್ಟಿನೊಳಗೆ ಹಿಡಿಸಲಿಲ್ಲವೇ? ಕಾರಣವನ್ನು ಹೀಗೆ ಹೆಸರಿಟ್ಟು ಹೇಳಲು ಬಂದರೆ ಏನನ್ನು ಕೊಳ್ಳಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾದಂತೆ. "ಏನೋ ಒಂದು ಕಡಿಮೆ ಅನಿಸುತ್ತದೆ" ಎಂಬಲ್ಲಿಗೇ ಮಾತು ನಿಂತರೆ, ಎಷ್ಟು ಲಕ್ಷದ ಕ್ಯಾಮೆರಾ ಬಂದರೂ ಆ ಕಡಿಮೆ ಉಳಿದೇ ಇರುತ್ತದೆ. ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ಹಳೆಯ ಚಿತ್ರಗಳನ್ನು ಲೆನ್ಸ್, ಫೋಕಲ್ ಲೆಂತ್ (ನೋಟ ಎಷ್ಟು ಅಗಲ, ಎಷ್ಟು ಕಿರಿದು ಎಂದು ಹೇಳುವ ಎಂಎಂ ಸಂಖ್ಯೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಪ್ರಕಾರ ವಿಂಗಡಿಸಿ ನೋಡಿದರೆ ನಾವು ನಿಜವಾಗಿ ಯಾವ ಬಗೆಯ ಚಿತ್ರ ತೆಗೆಯುತ್ತೇವೆ ಎಂಬುದು ತಿಳಿಯುತ್ತದೆ. ಅದು ನಾವು ಅಂದುಕೊಂಡಿದ್ದಕ್ಕಿಂತ ಬೇರೆಯೇ ಆಗಿರುವುದು ಅಪರೂಪವೇನಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ "ಕ್ಯಾಮೆರಾ ಮುಖ್ಯವಲ್ಲ, ಕಣ್ಣು ಮುಖ್ಯ" ಎನ್ನುವ ಗುಂಪಿಗೆ ನನ್ನನ್ನು ಸೇರಿಸಬಾರದು. ಆ ಮಾತನ್ನು ಹೆಚ್ಚಾಗಿ ಆಡುವವರು ಒಳ್ಳೆಯ ಕ್ಯಾಮೆರಾವನ್ನು ಆಗಲೇ ಕೊಂಡಿಟ್ಟುಕೊಂಡವರು. ಸಲಕರಣೆ ಮುಖ್ಯವೇ, ಆದರೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಅಲ್ಲ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಹಿರಿಯೂರಿನ ಕಡೆ ಹರಿದುಬಂದ ಜನರಲ್ಲಿ ಬಹುತೇಕರ ಕೈಯಲ್ಲಿದ್ದದ್ದು ಮೊಬೈಲ್. ಹಗಲಿನ ಬೆಳಕಿನಲ್ಲಿ ಎದುರಿಗೇ ಧುಮುಕುವ ನೀರಿಗೆ ಅದು ಸಾಕಾಗಿತ್ತು.

ನಮ್ಮದು ಬಯಲುಸೀಮೆ. ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು, ಅದರ ಜೊತೆಗೆ ಧೂಳೂ ಹೆಚ್ಚು. ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/8 ಇಟ್ಟರೆ ಶಟರ್ ವೇಗ ಸೆಕೆಂಡಿನ 400ನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಈ ಲೆಕ್ಕ ಫಿಲ್ಮ್ ಕಾಲದಿಂದಲೂ ಬದಲಾಗಿಲ್ಲ. ಅಂಥ ಬೆಳಕಿನಲ್ಲಿ ಹತ್ತು ವರ್ಷ ಹಳೆಯ ಕ್ಯಾಮೆರಾ ತೆಗೆದ ಚಿತ್ರವನ್ನೂ ಈ ವರ್ಷದ ಕ್ಯಾಮೆರಾ ತೆಗೆದದ್ದನ್ನೂ ಅಕ್ಕಪಕ್ಕ ಇಟ್ಟರೆ ಬೇರ್ಪಡಿಸುವುದು ಪಳಗಿದವರಿಗೂ ಸುಲಭವಲ್ಲ. ಆದ್ದರಿಂದ ಹಗಲಲ್ಲಷ್ಟೇ ಚಿತ್ರ ತೆಗೆಯುವವರು ಹೊಸ ಬಾಡಿಗಾಗಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಕ್ಕಾಗಿ) ಸಾಲ ಮಾಡುವುದು ನನಗೆ ಅರ್ಥವಾಗದ ವಿಷಯ.

ಕ್ಯಾಮೆರಾ ನಿಜವಾಗಿ ಸೋಲುವುದು ಸಂಜೆಯ ನಂತರ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರಿನಲ್ಲಿ ನಡೆಯುವ ನಾಟಕೋತ್ಸವವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಯಲು ರಂಗಮಂದಿರ, ಕಪ್ಪು ಹಿನ್ನೆಲೆ, ನಟರ ಮುಖದ ಮೇಲೆ ಮಾತ್ರ ಬೆಳಕು. ಫ್ಲ್ಯಾಶ್ ಹಾರಿಸುವುದು ಪ್ರೇಕ್ಷಕರಿಗೂ ನಟರಿಗೂ ಮಾಡುವ ಅಪಚಾರ. ಕ್ಯಾಮೆರಾದ ಜೊತೆ ಬಂದ 18-55 ಲೆನ್ಸ್ 55ರ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ, ಐಎಸ್‌ಒ 6400ಕ್ಕೆ ಏರಿಸಿದರೂ ಶಟರ್ 1/30ಕ್ಕೆ ಇಳಿದು ನಟನ ಕೈ, ಉತ್ತರೀಯ, ಕೆಲವೊಮ್ಮೆ ಮುಖವೂ ಕದಡಿಹೋಗುತ್ತವೆ. ಇದನ್ನು ಕಂಡವರು ಮೊದಲು ಯೋಚಿಸುವುದೇ ಫುಲ್ ಫ್ರೇಮ್ ಬಗ್ಗೆ.

ಇಲ್ಲಿ ಲೆಕ್ಕ ಹಾಕಿ ನೋಡಬೇಕು. ಫುಲ್ ಫ್ರೇಮ್ ಸೆನ್ಸರ್‌ನ ಅಳತೆ 36 x 24 ಮಿ.ಮೀ., ಎಪಿಎಸ್-ಸಿ ಸೆನ್ಸರ್‌ನದು ಸುಮಾರು 23.5 x 15.6 ಮಿ.ಮೀ. ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚಾಗುವುದರಿಂದ, ಒಂದೇ ಅಪರ್ಚರ್‌ನಲ್ಲಿ ಸಿಗುವ ಲಾಭ ಒಂದು ಸ್ಟಾಪ್ (ಬೆಳಕು ಇಮ್ಮಡಿಯಾಗುವ ಒಂದು ಹಂತ) ಮತ್ತು ಸ್ವಲ್ಪ. ಎಂದರೆ 1/30 ಇದ್ದದ್ದು 1/60ನ್ನು ದಾಟುತ್ತದೆ. ಅದೇ ಹಳೆಯ ಕ್ಯಾಮೆರಾಕ್ಕೆ ಎಫ್/1.8ರ 50 ಎಂಎಂ ಲೆನ್ಸ್ ಹಾಕಿದರೆ ಎಫ್/5.6ಕ್ಕೆ ಹೋಲಿಸಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಸ್ಟಾಪ್‌ಗಳ ಲೆಕ್ಕದಲ್ಲಿ ಮೂರಕ್ಕೂ ಹೆಚ್ಚು, ಶಟರ್ ವೇಗ 1/250ಕ್ಕೂ ಮೇಲೆ. ಈ ಲೆನ್ಸ್ ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ; ಫುಲ್ ಫ್ರೇಮ್ ಬಾಡಿ ಲಕ್ಷದ ಮಾತು. ಕ್ಯಾಮೆರಾ ಬಾಡಿಯ ಮೇಲೇ ಹಣವೆಲ್ಲ ಮುಗಿದು, ಅದರ ಜೊತೆಗೆ ಎಫ್/7.1ರವರೆಗೆ ಕುಗ್ಗುವ ಅಗ್ಗದ ಝೂಮ್ ಕೊಂಡವರ ಪಾಡು ಇನ್ನೂ ವಿಚಿತ್ರ. ದೊಡ್ಡ ಸೆನ್ಸರ್ ಕೊಟ್ಟ ಲಾಭದ ಅರ್ಧಕ್ಕೂ ಹೆಚ್ಚು ಭಾಗವನ್ನು ಆ ಲೆನ್ಸೇ ನುಂಗಿಹಾಕಿರುತ್ತದೆ.

ಎಫ್/1.8ಕ್ಕೂ ಮಿತಿಗಳಿವೆ. ಫೋಕಸ್‌ನ ಆಳ ತೀರ ತೆಳುವಾಗುವುದರಿಂದ ಒಬ್ಬ ನಟನ ಕಣ್ಣು ಸ್ಪಷ್ಟವಿದ್ದರೆ ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಿಂತವನು ಮಸುಕಾಗುತ್ತಾನೆ. ಕೋಲಾಟ, ವೀರಗಾಸೆಗಳಲ್ಲಿ ಇದು ತೊಡಕೇ. ಮದುವೆ ಮತ್ತು ರಂಗದ ಫೋಟೋಗಳನ್ನೇ ವೃತ್ತಿಯಾಗಿ ತೆಗೆಯುವವರಿಗೆ ಎಫ್/2.8ರ ಝೂಮ್ ಅನಿವಾರ್ಯವಾಗುವುದು ಇಂಥಲ್ಲಿ.

ಹಾಗಾದರೆ ಬಾಡಿ ಬದಲಿಸಲೇಬೇಕಾದ ಸಂದರ್ಭ ಇಲ್ಲವೇ? ಇದೆ, ಅದರಲ್ಲಿ ಮೊದಲನೆಯದು ಚಲಿಸುವ ವಸ್ತುವಿನ ಫೋಕಸ್. ದಾವಣಗೆರೆಯ ಕುಂದವಾಡ ಕೆರೆಯ ದಂಡೆಯಲ್ಲಿ ನಿಂತು, ನೀರಿನ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತ ಕಪ್ಪುಬಿಳಿ ಮಿಂಚುಳ್ಳಿ ತಟಕ್ಕನೆ ಧುಮುಕುವುದನ್ನು ಹಿಡಿಯಲು ಹೊರಟವರಿಗೆ, ಚೌಕಟ್ಟಿನ ನಡುವೆಯಷ್ಟೇ ಹರಡಿದ 11 ಫೋಕಸ್ ಬಿಂದುಗಳ ನಿಕಾನ್ ಡಿ3500ಕ್ಕೂ ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಬೆನ್ನಟ್ಟುವ ಇಂದಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಕ್ಕೂ ಇರುವ ಅಂತರ ಒಂದೇ ದಿನದಲ್ಲಿ ತಿಳಿಯುತ್ತದೆ. ಎರಡನೆಯದು, ಸಂಭಾವನೆ ಪಡೆದು ಮದುವೆಯ ಫೋಟೋ ತೆಗೆಯುವುದು. ಧಾರೆಯನ್ನು ಮತ್ತೊಮ್ಮೆ ಎರೆಸಲಾಗುವುದಿಲ್ಲವಾದ್ದರಿಂದ ಒಂದೇ ಹೊತ್ತಿಗೆ ಎರಡು ಕಾರ್ಡ್‌ಗಳಿಗೆ ಬರೆಯುವ ಬಾಡಿ ಅಲ್ಲಿ ಶೋಕಿಯಲ್ಲ.

ಹಕ್ಕಿಗಳ ಹಿಂದೆ ಬಿದ್ದವರು ಫುಲ್ ಫ್ರೇಮ್‌ನಿಂದ ಕೆಲವೊಮ್ಮೆ ಕಳೆದುಕೊಳ್ಳುವುದೂ ಉಂಟು. 500 ಎಂಎಂ ಲೆನ್ಸ್ ಎಪಿಎಸ್-ಸಿ ಬಾಡಿಯ ಮೇಲೆ ಫುಲ್ ಫ್ರೇಮ್ ಮೇಲಿನ 750 ಎಂಎಂ ಲೆನ್ಸಿನಷ್ಟು ಕಿರಿದಾದ ನೋಟ ಕೊಡುತ್ತದೆ. ಅದೇ ನೋಟಕ್ಕಾಗಿ 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಚಿತ್ರವನ್ನು ಕತ್ತರಿಸಿದರೆ ಉಳಿಯುವುದು ಸುಮಾರು 20. ಹೊಸ ಲೆನ್ಸ್ ಕೊಳ್ಳುವಾಗ ತೂಕವನ್ನೂ ನೋಡಬೇಕು. ನಿಕಾನ್‌ನ 200-500 ಲೆನ್ಸ್ ಒಂದೇ 2.3 ಕಿಲೋ ತೂಗುತ್ತದೆ, ಜೋಗಿಮಟ್ಟಿಯ ಏರಿನಲ್ಲಿ ಅದು ಇನ್ನೂ ಹೆಚ್ಚು ತೂಗುತ್ತದೆ.

ಉದ್ದನೆಯ ಲೆನ್ಸ್ ಕೊಂಡವರು ಮಾರ್ಚ್ ತಿಂಗಳ ಹೊತ್ತಿಗೆ ನನ್ನ ಬಳಿ ತರುವ ದೂರೊಂದಿದೆ: "ಲೆನ್ಸ್ ಶಾರ್ಪ್ ಇಲ್ಲ, ಸರ್ವಿಸ್‌ಗೆ ಕಳಿಸಲೇ?" ಚಿತ್ರ ತೆಗೆದ ಸಮಯ ನೋಡಿದರೆ ಬೆಳಿಗ್ಗೆ ಹತ್ತೋ ಹನ್ನೊಂದೋ ಆಗಿರುತ್ತದೆ. ಕಾದ ನೆಲದ ಮೇಲೆ ಬಿಸಿ ಮತ್ತು ತಂಪು ಗಾಳಿಯ ಪದರಗಳು ಒಂದರೊಳಗೊಂದು ಕಲಸಿಕೊಳ್ಳುವಾಗ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಈ ಅಲುಗಾಟ ದೂರದ ಹಕ್ಕಿಯ ಗರಿಗಳನ್ನೆಲ್ಲ ಮೆತ್ತಗೆ ಅಳಿಸಿಬಿಡುತ್ತದೆ. ಲೆನ್ಸ್ ಉದ್ದವಾದಷ್ಟೂ, ದೂರ ಹೆಚ್ಚಿದಷ್ಟೂ ಇದರ ಕಾಟ ಹೆಚ್ಚು. ಇದನ್ನು ಯಾವ ಬೆಲೆಯ ಗಾಜೂ ಸರಿಪಡಿಸದು, ಶಟರ್ ವೇಗ ಏರಿಸಿದರೂ ಹೋಗದು. ಬೆಳಕು ಹರಿದ ಮೊದಲ ಎರಡು ಗಂಟೆಯೊಳಗೆ ಹೋಗುವುದು, ಇಲ್ಲವೇ ಹಕ್ಕಿಗೆ ಹತ್ತಿರವಾಗುವಂತೆ ಜಾಗ ಹಿಡಿದು ಕಾಯುವುದು, ಇವೆರಡೇ ಪರಿಹಾರ. ನಮ್ಮ ಜಿಲ್ಲೆಗಳಲ್ಲಿ ಲೆನ್ಸ್ ಮೇಲೆ ಹೊರಿಸುವ ಅಪವಾದಗಳಲ್ಲಿ ದೊಡ್ಡ ಪಾಲು ಬಿಸಿಲಿಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಕೋಟೆಯ ಮಾತು ಬೇರೆ. ಏಳು ಸುತ್ತಿನ ಗೋಡೆ, ಬಂಡೆಗಳ ರಾಶಿ, ಇಕ್ಕಟ್ಟಾದ ಬಾಗಿಲುಗಳ ನಡುವೆ ಹಿಂದೆ ಸರಿಯಲು ಜಾಗವಿಲ್ಲದೆಡೆ ಎಪಿಎಸ್-ಸಿ ಮೇಲಿನ 18 ಎಂಎಂ ಕೊಡುವ ನೋಟ ಫುಲ್ ಫ್ರೇಮ್ ಲೆಕ್ಕದಲ್ಲಿ 27 ಎಂಎಂ ಲೆನ್ಸಿನದು. ಅಷ್ಟು ಸಾಲದು ಅನಿಸಿದವರು ಬಾಡಿ ಬದಲಿಸುವ ಬದಲು 10 ಎಂಎಂ‌ನಿಂದ ಶುರುವಾಗುವ ಅಗಲ ಲೆನ್ಸ್ ಕೊಳ್ಳಬೇಕು. ಟ್ರೈಪಾಡ್ ಕೊಳ್ಳುವ ಮುನ್ನ ಒಂದು ಸಂಗತಿ ನೆನಪಿರಲಿ: ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಅಲ್ಲಿ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಕೋಟೆಗೆಂದೇ ದುಬಾರಿ ಟ್ರೈಪಾಡ್ ತಂದು ಬಾಗಿಲಲ್ಲಿ ಬಿಟ್ಟುಹೋಗುವುದಕ್ಕಿಂತ ಕಂಪನ ತಡೆಯುವ ವ್ಯವಸ್ಥೆಯಿರುವ ಲೆನ್ಸ್ ಮೇಲು. ನಡುಹಗಲಲ್ಲಿ ಬಂಡೆ ಬೆಳ್ಳಗೆ ಸುಟ್ಟು ಬಾಗಿಲ ನೆರಳು ಕಪ್ಪಾಗುವ ತೊಂದರೆಗೆ ರಾ ಫೈಲ್ ತಕ್ಕಮಟ್ಟಿಗೆ ನೆರವಾಗುತ್ತದೆ. ಅದನ್ನು ತಿದ್ದಲು ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ಮೆಗಾಪಿಕ್ಸೆಲ್ ವಿಚಾರವನ್ನು ಬೇಗ ಮುಗಿಸುತ್ತೇನೆ. 24ರಿಂದ 45ಕ್ಕೆ ಹೋದರೆ ಚಿತ್ರದ ಅಗಲ ಹೆಚ್ಚುವುದು ಶೇಕಡಾ 37ರಷ್ಟು ಮಾತ್ರ, ಸಂಖ್ಯೆ ಸೂಚಿಸುವಂತೆ ಇಮ್ಮಡಿಯಲ್ಲ. ಆಲ್ಬಮ್‌ನ 12 x 18 ಇಂಚಿನ ಪುಟವನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮುದ್ರಿಸಲು ಬೇಕಾಗುವುದು 20ಕ್ಕೂ ಕಡಿಮೆ. ಆದರೆ ಹೆಚ್ಚಿದ ಫೈಲ್‌ಗಳಿಗೆ ಹೊಸ ಕಾರ್ಡ್, ಹೊಸ ಹಾರ್ಡ್ ಡಿಸ್ಕ್, ಕೊನೆಗೆ ಹೊಸ ಕಂಪ್ಯೂಟರ್ ಕೂಡ ಬೇಕಾಗುವ ಖರ್ಚನ್ನು ಯಾರೂ ಮೊದಲೇ ಕೂಡಿಸಿ ನೋಡುವುದಿಲ್ಲ.

ಡಿಎಸ್‌ಎಲ್‌ಆರ್‌ನಿಂದ (ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾದಿಂದ) ಮಿರರ್‌ಲೆಸ್‌ಗೆ ಹೋಗುವವರಿಗೆ ಹಳೆಯ ಲೆನ್ಸ್‌ಗಳದೇ ಚಿಂತೆ. ಕೆನಾನ್‌ನ ಆರ್‌ಎಫ್, ನಿಕಾನ್‌ನ ಝಡ್ ಮೌಂಟ್‌ಗಳು (ಮಿರರ್‌ಲೆಸ್ ಬಾಡಿಗಳಲ್ಲಿ ಲೆನ್ಸ್ ಕೂರುವ ಜೋಡಣೆಗಳು) ಎರಡೂ 2018ರಲ್ಲಿ ಬಂದವು. ಕೆನಾನ್‌ನ ಹಳೆಯ ಇಎಫ್ ಲೆನ್ಸ್‌ಗಳು ಕಂಪನಿಯದೇ ಅಡಾಪ್ಟರ್ ಮೂಲಕ ಹೊಸ ಬಾಡಿಯ ಮೇಲೂ ಚೆನ್ನಾಗಿಯೇ ಫೋಕಸ್ ಮಾಡುತ್ತವೆ. ನಿಕಾನ್‌ನಲ್ಲಿ ತುಸು ಎಚ್ಚರ ಬೇಕು. ಒಳಗೆ ಮೋಟರ್ ಇರುವ ಎಎಫ್-ಎಸ್ ಲೆನ್ಸ್‌ಗಳು ಎಫ್‌ಟಿಝಡ್ ಅಡಾಪ್ಟರ್ ಮೇಲೆ ತಾವಾಗಿ ಫೋಕಸ್ ಮಾಡುತ್ತವೆ, ಬಾಡಿಯ ಮೋಟರನ್ನೇ ನಂಬಿದ ಹಳೆಯ ಎಎಫ್-ಡಿ ಲೆನ್ಸ್‌ಗಳು ಮಾಡುವುದಿಲ್ಲ. ಡಿ3000, ಡಿ5000 ಸಾಲಿನ ಬಾಡಿಗಳ ಮೇಲೂ ಅವು ಕೈಯಲ್ಲೇ ತಿರುಗಿಸಬೇಕಾದ ಲೆನ್ಸ್‌ಗಳು. ಸೆಕೆಂಡ್ ಹ್ಯಾಂಡ್‌ನಲ್ಲಿ "50 ಎಂಎಂ ಸೋವಿ" ಎಂದು ಬರುವುದು ಹೆಚ್ಚಾಗಿ ಇದೇ ಡಿ ಲೆನ್ಸ್.

ಸೆಕೆಂಡ್ ಹ್ಯಾಂಡ್ ಕೊಳ್ಳುವುದನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ದಾವಣಗೆರೆ, ಚಿತ್ರದುರ್ಗದ ಸ್ಟುಡಿಯೋದವರು ಹಳೆಯ ಬಾಡಿಗಳನ್ನು ಕೈಬಿಡಲು ಮನಸ್ಸು ಮಾಡುವುದು ಆ ತಿಂಗಳಲ್ಲಿ. ಶಟರ್ ಎಷ್ಟು ಸಲ ಬಿದ್ದಿದೆ ಎಂದು ಮೊದಲು ಕೇಳಿ. ಆರಂಭಿಕ ಹಂತದ ಬಾಡಿಗಳ ಶಟರನ್ನು ಸಾಮಾನ್ಯವಾಗಿ ಒಂದು ಲಕ್ಷ ಸಲಕ್ಕೆ, ನಿಕಾನ್ ಡಿ850ರಂಥ ಮೇಲ್ದರ್ಜೆಯದನ್ನು ಎರಡು ಲಕ್ಷಕ್ಕೆ ಪರೀಕ್ಷಿಸಿರುತ್ತಾರೆ. ಎಫ್/16 ಇಟ್ಟು ಬರಿಯ ಆಕಾಶದ ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತದೆ, ಅದು ತೊಳೆದರೆ ಹೋಗುವಂಥದ್ದು. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಆ ಲೆನ್ಸನ್ನು ಅಲ್ಲೇ ಬಿಟ್ಟು ಬನ್ನಿ. ನಮ್ಮ ಒಣ ಹವೆಯಲ್ಲಿ ಫಂಗಸ್ ಅಪರೂಪ. ಮಲೆನಾಡಿನಿಂದ, ಕರಾವಳಿಯಿಂದ ಬಂದ ಲೆನ್ಸ್‌ಗಳನ್ನು ಮಾತ್ರ ಎರಡು ಸಲ ನೋಡಬೇಕು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ಮೇಲಿನದಕ್ಕೆ ತಾಳೆಯಾಗದಿದ್ದರೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ. ಹೊಸದನ್ನು ಕೊಳ್ಳುವಾಗಲೂ ಜಿಎಸ್‌ಟಿ ಬಿಲ್ ಇಲ್ಲದೆ ಸೋವಿಗೆ ಕೊಡುತ್ತೇವೆ ಎನ್ನುವವರಿಂದ ದೂರವಿರುವುದು ಒಳ್ಳೆಯದು, ಏಕೆಂದರೆ ಕೆಟ್ಟುಹೋದ ದಿನ ಇಲ್ಲಿನ ವಾರಂಟಿ ಕೈಹಿಡಿಯುವುದಿಲ್ಲ. ದೊಡ್ಡ ಮೊತ್ತದ ಲೆನ್ಸ್ ಆದರೆ ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡಿ.

ಇಷ್ಟಾದ ಮೇಲೂ ಹೊಸ ಬಾಡಿ ಕೊಂಡರೆ, ಹಳೆಯದನ್ನು ಬಂದಷ್ಟಕ್ಕೆ ಮಾರಿಬಿಡಬೇಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರು ಹೊರಟಾಗ ಏಳುವ ಧೂಳು, ಕೊಬ್ಬರಿ ಸುಡುವ ಹರಕೆಯ ಹೊಗೆ ಮತ್ತು ಮಸಿಯ ನಡುವೆ ಲೆನ್ಸ್ ಬಿಚ್ಚಿ ಬದಲಿಸುವುದೆಂದರೆ ಸೆನ್ಸರನ್ನು ಬಯಲಿಗಿಟ್ಟಂತೆ. ಅಗಲ ಲೆನ್ಸನ್ನು ಹಳೆಯ ಬಾಡಿಗೂ ಉದ್ದ ಲೆನ್ಸನ್ನು ಹೊಸದಕ್ಕೂ ಮನೆಯಲ್ಲೇ ಹಾಕಿಕೊಂಡು ಹೊರಟರೆ, ತೇರು ಎದುರಿಗೆ ಬಂದಾಗಲೂ ದೂರ ಹೋದಾಗಲೂ ಏನನ್ನೂ ಬಿಚ್ಚುವ ಪ್ರಮೇಯ ಬರುವುದಿಲ್ಲ.